ಮರಗಳ ಪಟ್ಟಿ ಬಂದರೆ ಪುಟ ಹಾರಿಸಬೇಕಾ?

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಯುರೋಪಿನ ಹಳೆಯ ಕಾವ್ಯಗಳಲ್ಲಿ ನನಗೆ ತೊಂದರೆ ಕೊಡುವುದು ಪಟ್ಟಿಗಳು. ಇಂಗ್ಲಿಷ್ ಕವಿ ಸ್ಪೆನ್ಸರನ ‘ಫೇರಿ ಕ್ವೀನ್’ನಲ್ಲಿ ಎಂಟನೇ ಪದ್ಯಕ್ಕೇ ಮರಗಳ ಹೆಸರು ಶುರು. ಚಾಸರ್, ರಾಬೆಲೆ, ಮಿಲ್ಟನ್ ಎಲ್ಲರೂ ಹೀಗೇ. ಕಥೆ ಅಲ್ಲೇ ನಿಂತುಬಿಡುತ್ತದೆ. ಇವನ್ನು ಬಿಟ್ಟು ಓದಿದರೆ ಏನಾದರೂ ನಷ್ಟವೇ? ಚಿತ್ರಕಾರ ಬ್ರೂಗೆಲ್‌ನ ಚಿತ್ರವೂ ಒಂದು ಪಟ್ಟಿಯೇ ಎಂದು ನಮ್ಮ ಮೇಡಂ ಹೇಳಿದರು. ಚಿತ್ರ ಪಟ್ಟಿ ಆಗುವುದು ಹೇಗೆ?

ಉತ್ತರ: ನಷ್ಟ ಇದೆ. ನೀವು ಹೇಳಿದ ಪದ್ಯದಲ್ಲೇ ಅದನ್ನು ತೋರಿಸಬಹುದು. ಅಲ್ಲಿಂದಲೇ ಶುರು ಮಾಡೋಣ.

‘ಫೇರಿ ಕ್ವೀನ್’ನ ಮೊದಲ ಭಾಗ ಅಚ್ಚಾದದ್ದು 1590ರಲ್ಲಿ. ಮೊದಲ ಸರ್ಗದಲ್ಲಿ ರೆಡ್‌ಕ್ರಾಸ್ ಎಂಬ ಯೋಧ, ಯೂನಾ ಎಂಬ ಹೆಣ್ಣು, ಅವಳ ಹಿಂದೆ ಒಬ್ಬ ಕುಳ್ಳ ಹೊರಟಿದ್ದಾರೆ. ಇದ್ದಕ್ಕಿದ್ದಂತೆ ಜೋರು ಮಳೆ. ಮೂವರೂ ಹತ್ತಿರದ ತೋಪಿನೊಳಗೆ ನುಗ್ಗುತ್ತಾರೆ. ಅಲ್ಲಿ ಮರಗಳು ಎಷ್ಟು ಒತ್ತಾಗಿವೆ ಅಂದರೆ ಯಾವ ನಕ್ಷತ್ರದ ಬೆಳಕೂ ಒಳಗೆ ಇಳಿಯಲಾರದು. ಕವಿ ಇದನ್ನು ಮೊದಲೇ ಹೇಳಿಬಿಡುತ್ತಾನೆ. ಆಮೇಲೆ ಅವರು ಹಕ್ಕಿಗಳ ಹಾಡು ಕೇಳುತ್ತಾ, ಮರಗಳನ್ನು ಹೊಗಳುತ್ತಾ ನಡೆಯುತ್ತಾರೆ. ಆ ಹೊಗಳಿಕೆಯೇ ನಿಮ್ಮ ಪಟ್ಟಿ. ಹಡಗಿಗೆ ಪೈನ್, ದ್ರಾಕ್ಷಿ ಬಳ್ಳಿಗೆ ಆಸರೆಯಾಗಿ ಎಲ್ಮ್, ಮನೆ ಕಟ್ಟಲು ಓಕ್, ಸಾವಿಗೆ ಸೈಪ್ರೆಸ್, ಗೆದ್ದವರ ತಲೆಗೆ ಲಾರೆಲ್, ಬಿಲ್ಲಿಗೆ ಯೂ, ಬಾಣಕ್ಕೆ ಬರ್ಚ್. ಒಟ್ಟು 20 ಮರ.

ಇಲ್ಲಿ ಮಾತಾಡುತ್ತಿರುವುದು ಕಾಡಿಗೆ ಬಂದ ಮನುಷ್ಯರು ಅನ್ನುವುದನ್ನು ಗಮನಿಸಿ. ಹೆಚ್ಚಿನ ಮರಗಳ ಪಕ್ಕದಲ್ಲಿ ಮನುಷ್ಯನಿಗೆ ಅದರಿಂದ ಆಗುವ ಉಪಯೋಗ ಇದೆ. ಎಲ್ಲವೂ ಗೊತ್ತು, ಎಲ್ಲದಕ್ಕೂ ಹೆಸರಿದೆ, ಎಲ್ಲವೂ ನಮ್ಮ ಕೆಲಸಕ್ಕೆ ಬರುತ್ತದೆ ಅನ್ನುವ ಧೈರ್ಯ ಅವರ ಮಾತಿನಲ್ಲಿದೆ. ಪಟ್ಟಿ ಮುಂದೆ ಹೋದಂತೆ ಆ ಧೈರ್ಯವೂ ಏರುತ್ತದೆ. ಕೊನೆಯ ಹೆಸರು ಮೇಪಲ್. ಅದಕ್ಕೆ ಯಾವ ಉಪಯೋಗವನ್ನೂ ಕವಿ ಹೇಳುವುದಿಲ್ಲ. ಅದು ಒಳಗೆ ಗಟ್ಟಿ ಇರುವುದು ಅಪರೂಪ ಎಂದಷ್ಟೇ ಹೇಳಿ ನಿಲ್ಲಿಸುತ್ತಾನೆ. ಮುಂದಿನ ಪದ್ಯದಲ್ಲಿ ಮಳೆ ನಿಂತಿದೆ, ಹೊರಡೋಣ ಅಂತ ತಿರುಗುತ್ತಾರೆ, ದಾರಿ ಸಿಗುವುದಿಲ್ಲ. ಜಾಸ್ತಿ ಜನ ತುಳಿದಂತೆ ಕಂಡ ದಾರಿ ಹಿಡಿಯುತ್ತಾರೆ. ಅದು ಸೀದಾ ಒಂದು ಗವಿಗೆ ಒಯ್ಯುತ್ತದೆ. ಗವಿಯಲ್ಲಿರುವುದು ಎರರ್ ಎಂಬ ರಾಕ್ಷಸಿ. ಅರ್ಧ ಹೆಂಗಸು, ಅರ್ಧ ಹಾವು. ಅವಳು ಕಾರಿಕೊಳ್ಳುವ ವಾಂತಿಯಲ್ಲಿ ಪುಸ್ತಕಗಳೂ ಕಾಗದಗಳೂ ತುಂಬಿವೆ.

ಈಗ ಹೇಳಿ, ಆ ಎರಡು ಪದ್ಯ ಹಾರಿಸಿದ ಓದುಗರು ದಾರಿ ತಪ್ಪುವುದನ್ನು ಸುದ್ದಿಯಂತೆ ಕೇಳುತ್ತಾರೆ, ಅಷ್ಟೆ. ಪಟ್ಟಿ ಓದಿದವರು ತಾವೂ ದಾರಿ ತಪ್ಪಿರುತ್ತಾರೆ. ಒಂದೊಂದೇ ಮರ ನೋಡುತ್ತಾ ಹೋದವರಿಗೆ ತೋಪು ಎಷ್ಟು ಆಳ ಆಯಿತು ಅನ್ನುವುದೇ ಗೊತ್ತಾಗಿರುವುದಿಲ್ಲ. ಕಥೆ ನಿಂತಿತು ಎಂದು ನಿಮಗೆ ಅನ್ನಿಸಿದ ಜಾಗದಲ್ಲೇ ಕಥೆಯ ಮುಖ್ಯ ಘಟನೆ ನಡೆದುಹೋಗಿದೆ.

ಸ್ಪೆನ್ಸರ್ ಈ ಸಾಲನ್ನು ಕಟ್ಟಿದ್ದು ಚಾಸರನ ಸಾಲಿನ ಮೇಲೆ. 14ನೇ ಶತಮಾನದ ಕೊನೆಯಲ್ಲಿ ಬರೆದ ‘ಪಾರ್ಲಿಮೆಂಟ್ ಆಫ್ ಫೌಲ್ಸ್’ನಲ್ಲಿ ಚಾಸರ್ 13 ಮರಗಳನ್ನು ಹೀಗೇ ಉಪಯೋಗದ ಸಮೇತ ಹೆಸರಿಸುತ್ತಾನೆ. ಅಲ್ಲಿ ಎಲ್ಮ್‌ಗೆ ಹೆಣದ ಪೆಟ್ಟಿಗೆಯ ಕೆಲಸವೂ ಇದೆ. ಆ ಮೇಲೆ ಹಕ್ಕಿಗಳ ಸರದಿ. ಸಂತ ವ್ಯಾಲೆಂಟೈನನ ದಿನ ಜೋಡಿ ಹುಡುಕಲು ಎಲ್ಲ ಹಕ್ಕಿಗಳೂ ಸೇರಿವೆ. ಹುಂಜ ಸಣ್ಣ ಹಳ್ಳಿಗಳ ಗಡಿಯಾರ. ಸ್ವಾಲೋ ಹಕ್ಕಿ ಜೇನುಹುಳುಗಳ ಕೊಲೆಗಾರ. ಗೂಬೆ ಸಾವಿನ ಸೂಚನೆ. ಒಂದೊಂದು ಹಕ್ಕಿಗೂ ಒಂದೇ ಮಾತು, ಅದರಲ್ಲೇ ಸ್ವಭಾವ. ಈ ಭಾಗವನ್ನು ಮನಸ್ಸಿನಲ್ಲೇ ಓದಬೇಡಿ, ಬಾಯಿಬಿಟ್ಟು ಓದಿ. ಹಕ್ಕಿಗಳು ಒಂದರ ಹಿಂದೆ ಒಂದು ಬಂದು ಕೂತಂತೆ ಆಗುತ್ತದೆ.

ಆದರೆ ಚಾಸರನ ಪಟ್ಟಿಗಳಲ್ಲಿ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಇನ್ನೊಂದು. ‘ನೈಟ್ಸ್ ಟೇಲ್’ನ ಕೊನೆಯಲ್ಲಿ ಆರ್ಸೈಟ್ ಎಂಬ ಯೋಧ ಸತ್ತಿದ್ದಾನೆ. ಅವನ ಚಿತೆಗೆ ಕಾಡು ಕಡಿಯುತ್ತಾರೆ. ಕವಿ ಹೇಳುತ್ತಾನೆ: ಯಾವ ಯಾವ ಮರ ಕಡಿದರು ಎಂದು ನಾನು ಹೇಳುವುದಿಲ್ಲ. ಹೇಳುವುದಿಲ್ಲ ಅಂತಲೇ ಓಕ್, ಫರ್, ಬರ್ಚ್ ಎಂದು 21 ಮರಗಳ ಹೆಸರು ಹೇಳಿಬಿಡುತ್ತಾನೆ. ಇಲ್ಲಿ ಉಪಯೋಗದ ಮಾತಿಲ್ಲ, ಗುಣದ ಮಾತಿಲ್ಲ. ಬರೀ ಹೆಸರು, ಹೆಸರು, ಹೆಸರು. ಕೊಡಲಿ ಏಟು ಬಿದ್ದ ಹಾಗೆ. ವಾಕ್ಯ ಇನ್ನೂ ಮುಗಿದಿರುವುದಿಲ್ಲ. ಆ ಮರಗಳಲ್ಲಿದ್ದ ವನದೇವತೆಗಳು ಮನೆ ಕಳೆದುಕೊಂಡು ಅತ್ತಿತ್ತ ಓಡಿದ್ದನ್ನೂ ಹೇಳುವುದಿಲ್ಲ ಎನ್ನುತ್ತಾನೆ. ಮೃಗಗಳೂ ಹಕ್ಕಿಗಳೂ ಹೆದರಿ ಓಡಿದ್ದನ್ನೂ ಹೇಳುವುದಿಲ್ಲ. ಎಂದೂ ಬಿಸಿಲು ಕಾಣದ ನೆಲ ಬೆಳಕು ಬಿದ್ದೊಡನೆ ಬೆಚ್ಚಿದ್ದನ್ನೂ ಹೇಳುವುದಿಲ್ಲ.

ನೆಲ ಬೆಳಕಿಗೆ ಬೆಚ್ಚುವುದು! ಒಬ್ಬ ಯೋಧನ ಗೌರವಕ್ಕಾಗಿ ಒಂದು ಕಾಡು ಬೋಳಾಯಿತು ಅನ್ನುವುದನ್ನು ಕವಿ ಎಲ್ಲೂ ನೇರವಾಗಿ ಆರೋಪ ಮಾಡುವುದಿಲ್ಲ. ಆ ಪಟ್ಟಿ ಇಲ್ಲದಿದ್ದರೆ ಆ ಸಾಲಿಗೆ ಅರ್ಧ ಬಲವೂ ಇರುತ್ತಿರಲಿಲ್ಲ. ಬಿದ್ದ ಮರಗಳನ್ನು ನಾವು ಒಂದೊಂದಾಗಿ ಎಣಿಸಿದ್ದೇವೆ, ಅದಕ್ಕೇ ಆ ಬಯಲು ಕಣ್ಣಿಗೆ ಹೊಡೆಯುತ್ತದೆ.

ಇಬ್ಬರಿಗೂ ಹಿರಿಯ ಓವಿಡ್, ರೋಮಿನ ಕವಿ. ಅವನ ‘ಮೆಟಮಾರ್ಫಸಿಸ್’ನ ಹತ್ತನೇ ಪುಸ್ತಕದಲ್ಲಿ ಆರ್ಫಿಯಸ್ ನೆರಳಿಲ್ಲದ ಗುಡ್ಡದ ಮೇಲೆ ಕೂತು ಹಾಡುತ್ತಾನೆ. ಹಾಡು ಕೇಳಲು ಮರಗಳೇ ನಡೆದು ಬರುತ್ತವೆ, ಒಂದೊಂದಾಗಿ, ಪಟ್ಟಿಯಾಗಿ. ಕೊನೆಗೆ ಬರುವುದು ಸೈಪ್ರೆಸ್. ಅದು ಬಂದದ್ದೇ ತಡ, ಈ ಮರ ಒಂದು ಕಾಲದಲ್ಲಿ ಹುಡುಗನಾಗಿತ್ತು ಎಂದು ಹೊಸ ಕಥೆ ತೆರೆದುಕೊಳ್ಳುತ್ತದೆ. ತಾನು ಪ್ರೀತಿಸುತ್ತಿದ್ದ ಸಾಕು ಜಿಂಕೆಯನ್ನು ಗೊತ್ತಿಲ್ಲದೆ ಕೊಂದ ಹುಡುಗ ಅವನು. ಅಲ್ಲಿಗೆ ಮರಗಳನ್ನು ಕರೆದದ್ದು ಒಬ್ಬ ಗಾಯಕ. ಚಾಸರನಲ್ಲಿ ಅವನ್ನು ಕಡಿಯುತ್ತಾರೆ. ಸ್ಪೆನ್ಸರನಲ್ಲಿ ಅವು ದಾರಿ ತಪ್ಪಿಸುತ್ತವೆ. ಆ ಕಾಲದ ಓದುಗರಿಗೆ ಹಿಂದಿನ ಪಟ್ಟಿಗಳು ಗೊತ್ತಿದ್ದವು. ಹೊಸ ಕವಿ ಎಲ್ಲಿ ಬದಲಾಯಿಸಿದ, ಯಾವುದನ್ನು ಕೊನೆಗೆ ಇಟ್ಟ ಅನ್ನುವುದನ್ನೇ ಅವರು ಕಾಯುತ್ತಿದ್ದರು. ವಿಷ್ಣು ಸಹಸ್ರನಾಮ ಕೇಳಿ ಬೆಳೆದವರಿಗೆ ಈ ಕಿವಿ ಹೊಸದೇನಲ್ಲ. ಹೆಸರುಗಳ ಸಾಲನ್ನು ನಾವು ಮಾಹಿತಿಗೆ ಅಂತ ಕೇಳುವುದಿಲ್ಲ, ಅದರ ನಡಿಗೆಯಲ್ಲಿ ಕೂತು ಕೇಳುತ್ತೇವೆ. ಯುರೋಪಿನ ಚರ್ಚುಗಳಲ್ಲೂ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದು, ಪ್ರತಿ ಹೆಸರಿಗೂ ‘ನಮಗಾಗಿ ಪ್ರಾರ್ಥಿಸು’ ಎಂದು ಜನ ಉತ್ತರ ಕೊಡುವ ಪದ್ಧತಿ ಇತ್ತು, ಈಗಲೂ ಇದೆ. ಕವಿಗಳು ಬೆಳೆದದ್ದು ಆ ಸದ್ದಿನಲ್ಲಿ.

ಇನ್ನೊಂದು ಮೂಲ ಕಚೇರಿ. 1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ಮಾಡಿಸಿದ ‘ಡೂಮ್ಸ್‌ಡೇ’ ಲೆಕ್ಕದಲ್ಲಿ ಊರೂರಿನ ನೇಗಿಲು, ಗಿರಣಿ, ಹುಲ್ಲುಗಾವಲು ಎಲ್ಲ ಬರೆದಿದ್ದಾರೆ. ಎಷ್ಟೋ ಕಡೆ ಕಾಡಿನ ಅಳತೆಯೇ ಹಂದಿಗಳಲ್ಲಿದೆ. ಅಲ್ಲಿ ಎಷ್ಟು ಹಂದಿ ಮೇಯಬಹುದೋ ಅಷ್ಟು ಕಾಡು. ತೆರಿಗೆ, ಆಸ್ತಿ, ಉಯಿಲು, ಇವೆಲ್ಲ ಪಟ್ಟಿಗಳೇ. ಕವಿಗಳು ಈ ಕಾಗದಗಳ ರೂಪವನ್ನು ಕಸಿದುಕೊಂಡರು. ಪ್ಯಾರಿಸ್ಸಿನ ಕವಿ ಫ್ರಾನ್ಸ್ವಾ ವಿಯೋನ್ 1456ರಲ್ಲಿ ಒಂದು ಉಯಿಲಿನ ರೂಪದ ಕಾವ್ಯ ಬರೆದ. ಕಡುಬಡವ ಅವನು. ಆದರೂ ಇದು ಇವನಿಗೆ, ಅದು ಅವನಿಗೆ ಎಂದು ಹಂಚುತ್ತಾ ಹೋಗುತ್ತಾನೆ. ಒಬ್ಬನಿಗೆ ತನ್ನ ಉಕ್ಕಿನ ಕತ್ತಿ ಬಿಟ್ಟುಕೊಡುತ್ತಾನೆ. ಆ ಕತ್ತಿ ಎಂಟು ಸೂ ಹಣದ ಬಾಕಿಗೆ ಅಡವಿಗೆ ಬಿದ್ದಿದೆ! 1461ರ ‘ಟೆಸ್ಟಮೆಂಟ್’ ಇದೇ ದಾರಿಯ ದೊಡ್ಡ ಕಾವ್ಯ. ಅದರಲ್ಲಿ ವಿಯೋನ್ ಸತ್ತುಹೋದ ಸುಂದರಿಯರ ಹೆಸರು ಹಿಡಿದು, ಹೋದ ವರ್ಷದ ಹಿಮ ಎಲ್ಲಿ ಎಂದು ಕೇಳುವ ಹಾಡು ಇದೆ. ಉಯಿಲಿನ ಪಟ್ಟಿಯಲ್ಲಿ ಕೊಡುವುದಕ್ಕೆ ವಸ್ತು ಇರಬೇಕು. ವಿಯೋನ್ ಹತ್ತಿರ ಇದ್ದದ್ದು ಮಾತು ಮಾತ್ರ. ಅದನ್ನೇ ಕೊಟ್ಟ. ತಾಯಿಗೆ ಅವನು ಬಿಟ್ಟದ್ದು ಮೇರಿ ಮಾತೆಗೆ ಒಂದು ಪ್ರಾರ್ಥನಾಗೀತೆ.

ಶಾಲೆಯೂ ಪಟ್ಟಿ ಕಲಿಸುತ್ತಿತ್ತು. ನೆದರ್ಲೆಂಡ್ಸಿನ ವಿದ್ವಾಂಸ ಇರಾಸ್ಮಸ್ 1512ರಲ್ಲಿ ಪ್ರಕಟಿಸಿದ ‘ಡಿ ಕೋಪಿಯಾ’ ಎಂಬ ಪಾಠಪುಸ್ತಕದಲ್ಲಿ ‘ನಿಮ್ಮ ಪತ್ರದಿಂದ ತುಂಬಾ ಸಂತೋಷವಾಯಿತು’ ಎಂಬ ಒಂದೇ ಮಾತನ್ನು ನೂರಕ್ಕೂ ಹೆಚ್ಚು ರೀತಿ ಹೇಳಿ ತೋರಿಸುತ್ತಾನೆ. ಅವನ ಗಾದೆ ಸಂಗ್ರಹ 1500ರಲ್ಲಿ 818 ಗಾದೆಗಳಿಂದ ಶುರುವಾಗಿ 1508ಕ್ಕೆ 3260 ಆಯಿತು. ಅವನು ಸಾಯುವ ಹೊತ್ತಿಗೆ, 1536ರಲ್ಲಿ, 4151. ಈ ಕಾಲದವರಿಗೆ ತುಂಬಿ ಹರಿಯುವುದೇ ಭಾಷೆಯ ಚೆಲುವು. ಕಡಿಮೆ ಮಾತೇ ಒಳ್ಳೆಯ ಬರವಣಿಗೆ ಅನ್ನುವುದು ನಮ್ಮ ಕಾಲದ ರುಚಿ. ಅದನ್ನು ಅವರ ಮೇಲೆ ಹೇರಿದರೆ ಪಟ್ಟಿಗಳು ಸುಮ್ನೆ ಹೊರೆಯಾಗಿ ಕಾಣುತ್ತವೆ.

ಇಲ್ಲಿಂದ ಬ್ರೂಗೆಲ್‌ಗೆ ಬರುತ್ತೇನೆ. ಆದರೆ ದಾರಿಯಲ್ಲಿ ರಾಬೆಲೆ ಸಿಗುತ್ತಾನೆ, ಅವನನ್ನು ಬಿಟ್ಟು ಹೋಗುವಂತಿಲ್ಲ.

ಫ್ರೆಂಚ್ ಲೇಖಕ ರಾಬೆಲೆಯ ‘ಗಾರ್ಗಾಂಟುವಾ’ 1530ರ ದಶಕದ ಮಧ್ಯದಲ್ಲಿ ಬಂತು. ದೈತ್ಯ ರಾಜಕುಮಾರ ಊಟ ಮುಗಿಸಿ ಕೈ ತೊಳೆಯುತ್ತಾನೆ. ಮೇಜಿನ ಮೇಲೆ ಬಟ್ಟೆ ಹಾಸುತ್ತಾರೆ, ಇಸ್ಪೀಟು, ದಾಳ ತರುತ್ತಾರೆ. ಆಮೇಲೆ ಅವನು ಆಡಿದ ಆಟಗಳ ಹೆಸರು, ಇನ್ನೂರಕ್ಕೂ ಹೆಚ್ಚು. ಪಟ್ಟಿ ಮುಗಿದ ಮೇಲೆ ಅವನು ಕುಡಿಯುತ್ತಾನೆ, ಎರಡು ಮೂರು ಗಂಟೆ ಮಲಗುತ್ತಾನೆ. ಈ ಅಧ್ಯಾಯ ಬರುವುದು ಹಳೆಯ ಮೇಷ್ಟರುಗಳ ಕೈಯಲ್ಲಿ ಅವನ ವಿದ್ಯೆ ಹೇಗೆ ಹಾಳಾಯಿತು ಎಂದು ತೋರಿಸುವ ಕಡೆ. ‘ಅವನು ಹೊತ್ತು ಕಳೆದ’ ಎಂದು ಒಂದು ಸಾಲಿನಲ್ಲಿ ಬರೆಯಬಹುದಿತ್ತು ಅಲ್ವಾ? ರಾಬೆಲೆ ನಮ್ಮ ಹೊತ್ತನ್ನೂ ಕಳೆಯುತ್ತಾನೆ. ಜೊತೆಗೆ ಅವನಿಗೆ ಆ ಹೆಸರುಗಳ ಮೇಲೆ ಎಂಥ ಆಸೆ ಅನ್ನುವುದೂ ಕಾಣುತ್ತದೆ. ಬೈಯಲು ಕೂತವನು ಕುಣಿಯಲು ಎದ್ದಂತೆ ಇದೆ. ಮುಂದೆ ಅನುವಾದಕರಿಗೂ ಈ ಆಸೆ ಹತ್ತಿಕೊಂಡಿತು. 1575ರಲ್ಲಿ ಫಿಶಾರ್ಟ್ ಜರ್ಮನ್‌ಗೆ ತಂದಾಗ ಪಟ್ಟಿ ಬಹಳ ಉದ್ದವಾಯಿತು. 1653ರಲ್ಲಿ ಅರ್ಕ್ಹರ್ಟ್ ಇಂಗ್ಲಿಷ್‌ಗೆ ತಂದಾಗಲೂ ಅವನು ತನ್ನ ಕಡೆಯಿಂದ ಸೇರಿಸಿದ. ಪಟ್ಟಿಗೆ ಇಂಥದೇ ಕೊನೆ ಅಂತ ಇಲ್ಲ. ಯಾರು ಬೇಕಾದರೂ ಇನ್ನೊಂದನ್ನು ಸೇರಿಸಬಹುದು.

ಈಗ ಪೀಟರ್ ಬ್ರೂಗೆಲ್. ನಿಮ್ಮ ಮೇಡಂ ಹೇಳಿದ್ದು ಬಹುಶಃ 1560ರ ‘ಮಕ್ಕಳ ಆಟಗಳು’ ಚಿತ್ರದ ಬಗ್ಗೆ. ಈಗ ಅದು ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 118 ಸೆಂಟಿಮೀಟರ್ ಎತ್ತರ, 161 ಅಗಲದ ಮರದ ಹಲಗೆ. ಅದರ ಮೇಲೆ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟಗಳು. ಎಡಗಡೆ ಕೆಳಗೆ ಇಬ್ಬರು ಹುಡುಗಿಯರು ಕುರಿಯ ಗಿಣ್ಣಿನ ಮೂಳೆಗಳನ್ನು ಚಿಮ್ಮಿಸಿ ಆಡುತ್ತಿದ್ದಾರೆ. ನಾವು ಕಲ್ಲು ಹಿಡಿದು ಆಡುತ್ತೇವಲ್ಲ, ಅದರ ಹತ್ತಿರದ ಆಟ. ಬಳೆ ಉರುಳಿಸುವವರು, ಬುಗುರಿ ಹೊಡೆಯುವವರು, ಕಣ್ಣು ಕಟ್ಟಿಕೊಂಡು ಹುಡುಕುವವರು, ಮರಗಾಲು ಕಟ್ಟಿ ನಡೆಯುವವರು, ಪೀಪಾಯಿ ಮೇಲೆ ಸವಾರಿ ಮಾಡುವವರು, ಒಬ್ಬರ ಬೆನ್ನ ಮೇಲೆ ಒಬ್ಬರು ಹಾರುವವರು. ಒಬ್ಬ ಮಗು ಹಂದಿಯ ಮೂತ್ರಕೋಶಕ್ಕೆ ಗಾಳಿ ಊದುತ್ತಿದೆ. ಇನ್ನೊಂದು ಸಗಣಿ ಕೆದಕುತ್ತಿದೆ. ಸುಳ್ಳು ಮದುವೆಯ ಮೆರವಣಿಗೆಯೂ ಇದೆ.

ಇದು ಪಟ್ಟಿ ಯಾಕೆ ಅಂದರೆ, ಇಲ್ಲಿ ನಾಯಕ ಇಲ್ಲ. ಕಣ್ಣು ಮೊದಲು ಎಲ್ಲಿಗೆ ಹೋಗಬೇಕು ಎಂದು ಹೇಳುವ ಬೆಳಕಾಗಲಿ ಬಣ್ಣವಾಗಲಿ ಇಲ್ಲ. ಚಿತ್ರಕಾರ ಎತ್ತರದಲ್ಲಿ ನಿಂತು ನೋಡಿದ್ದಾನೆ, ಹಾಗಾಗಿ ಹಿಂದಿನವರನ್ನು ಮುಂದಿನವರು ಅಷ್ಟಾಗಿ ಮುಚ್ಚುವುದಿಲ್ಲ. ಪ್ರತಿ ಆಟಕ್ಕೂ ಅದರ ಸುತ್ತ ಸ್ವಲ್ಪ ನೆಲ ಸಿಕ್ಕಿದೆ. ಒಂದು ಆಟದವರು ಪಕ್ಕದ ಆಟವನ್ನು ನೋಡುವುದಿಲ್ಲ. ‘ಹೀಗಾಗಿ ಹಾಗಾಯಿತು’ ಎಂಬ ಕೊಂಡಿಯೇ ಇಲ್ಲ. ಇದೂ ಇದೆ, ಇದೂ ಇದೆ, ಇದೂ ಇದೆ. ಒಂದು ವರ್ಷ ಮೊದಲು, 1559ರಲ್ಲಿ, ಬ್ರೂಗೆಲ್ ಇದೇ ಕ್ರಮದಲ್ಲಿ ಗಾದೆಗಳನ್ನೂ ಬರೆದ. ಬರ್ಲಿನ್‌ನಲ್ಲಿರುವ ಆ ಚಿತ್ರದಲ್ಲಿ ನೂರಕ್ಕೂ ಹೆಚ್ಚು ಗಾದೆಗಳಿವೆ. ಕರು ಬಿದ್ದು ಸತ್ತ ಮೇಲೆ ಒಬ್ಬ ಬಾವಿ ಮುಚ್ಚುತ್ತಿದ್ದಾನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಅಣ್ಣ ಅವನು.

ಆದರೆ ಮಾತಿನ ಪಟ್ಟಿಗೂ ಚಿತ್ರದ ಪಟ್ಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಾತಿಗೆ ಮೊದಲು ಕೊನೆ ಇದೆ. ಸ್ಪೆನ್ಸರ್ ಮೇಪಲ್ ಮರವನ್ನು ಕೊನೆಗೆ ಇಟ್ಟು ಆಟ ಆಡಿದ. ಬ್ರೂಗೆಲ್‌ಗೆ ಆ ಸೌಕರ್ಯ ಇಲ್ಲ, ಎಲ್ಲವೂ ಒಟ್ಟಿಗೇ ಇದೆ. ಮೊದಲು ಯಾವುದು, ಕೊನೆಗೆ ಯಾವುದು ಎಂದು ತೀರ್ಮಾನಿಸುವವರು ನೋಡುವ ನಾವು. ಹಾಗಾಗಿ ಆ ಚಿತ್ರದ ಮುಂದೆ ಇಬ್ಬರು ನಿಂತರೆ ಇಬ್ಬರೂ ಬೇರೆ ಬೇರೆ ಪಟ್ಟಿ ಓದುತ್ತಾರೆ. ಎಡಗಡೆಯ ಮನೆಯ ಕಿಟಕಿಯಲ್ಲಿ ದೊಡ್ಡವರ ಮುಖವಾಡ ಹಿಡಿದ ಒಂದು ಮಗು ಇದೆ. ಅದು ನಿಮಗೆ ಮೊದಲು ಕಂಡರೆ ಇಡೀ ಚಿತ್ರ ದೊಡ್ಡವರ ಹುಚ್ಚಾಟದ ಮೇಲಿನ ಟೀಕೆಯಂತೆ ಕಾಣಬಹುದು. ಹಾಗೆ ಓದುವ ವಿದ್ವಾಂಸರು ಇದ್ದಾರೆ. ಮಕ್ಕಳ ಮುಖದಲ್ಲಿ ನಗು ಕಡಿಮೆ, ಎಲ್ಲರೂ ಗಂಭೀರವಾಗಿದ್ದಾರೆ ಎಂದು ಅವರು ತೋರಿಸುತ್ತಾರೆ. ನನಗೆ ಆ ಓದು ಅಷ್ಟು ಒಪ್ಪಿಗೆಯಲ್ಲ. ಆಟದಲ್ಲಿ ಮುಳುಗಿದ ಮಕ್ಕಳು ಎಲ್ಲಿ ನಗುತ್ತಾರೆ? ಮೂಳೆ ಹಿಡಿದ ಬೆರಳು, ಬೆನ್ನು ಬಗ್ಗಿಸಿದ ರೀತಿ, ಇವನ್ನು ಇಷ್ಟು ನಿಖರವಾಗಿ ಬರೆದವನಿಗೆ ಆಟದ ಮೇಲೆ ಪ್ರೀತಿಯೇ ಇದ್ದಿರಬೇಕು. ರಾಬೆಲೆ ಬರೆದ ಎಷ್ಟೋ ಆಟಗಳನ್ನು ಹೇಗೆ ಆಡುತ್ತಿದ್ದರು ಎಂದು ಇವತ್ತು ಯಾರಿಗೂ ಗೊತ್ತಿಲ್ಲ, ಹೆಸರು ಮಾತ್ರ ಉಳಿದಿದೆ. ಬ್ರೂಗೆಲ್‌ನ ಮಕ್ಕಳನ್ನು ನೋಡಿದರೆ ಎಷ್ಟೋ ಆಟಗಳನ್ನು ಈಗಲೂ ಆಡಬಹುದು.

ಎಲ್ಲ ಪಟ್ಟಿಯೂ ಪ್ರೀತಿಯದ್ದಲ್ಲ. ಅದನ್ನು ಶೇಕ್ಸ್‌ಪಿಯರ್ ಬಲ್ಲ. ‘ಮ್ಯಾಕ್‌ಬೆತ್’ ಮೂರನೇ ಅಂಕದ ಮೊದಲ ದೃಶ್ಯ ತೆಗೆಯಿರಿ. ಬ್ಯಾಂಕೋನನ್ನು ಕೊಲ್ಲಿಸಲು ಮ್ಯಾಕ್‌ಬೆತ್ ಇಬ್ಬರನ್ನು ಕರೆಸಿದ್ದಾನೆ. ‘ನಾವೂ ಗಂಡಸರು, ಪ್ರಭು’ ಎನ್ನುತ್ತಾರೆ ಅವರು. ಹೌದು, ಪಟ್ಟಿಯಲ್ಲಿ ನೀವು ಗಂಡಸರೇ ಎನ್ನುತ್ತಾನೆ ಇವನು. ಬೇಟೆನಾಯಿ, ಬೀದಿನಾಯಿ, ಸ್ಪೇನಿಯಲ್, ತೋಳದ ತಳಿ, ಎಲ್ಲಕ್ಕೂ ನಾಯಿ ಎಂದೇ ಹೆಸರಿರುವ ಹಾಗೆ. ಆದರೆ ಬೆಲೆ ಕಟ್ಟಿದ ಇನ್ನೊಂದು ಪಟ್ಟಿ ಇದೆ. ಅದರಲ್ಲಿ ಯಾವುದು ಚುರುಕು, ಯಾವುದು ನಿಧಾನ, ಯಾವುದು ಕಾವಲಿಗೆ ಎಂದು ಬೇರೆ ಬೇರೆ ಬರೆದಿರುತ್ತದೆ. ನೀವು ಆ ಪಟ್ಟಿಯ ಕೊನೆಯಲ್ಲಿ ಇಲ್ಲದಿದ್ದರೆ ಹೇಳಿ. ಒಂದು ನಾಯಿಗಳ ಪಟ್ಟಿ ಹಿಡಿದು ಇಬ್ಬರನ್ನು ಕೊಲೆಗೆ ಒಪ್ಪಿಸುತ್ತಾನೆ! ಪಟ್ಟಿಯಲ್ಲಿ ಸೇರಿಸುವುದು, ಪಟ್ಟಿಯಲ್ಲಿ ಮೇಲೆ ಕೆಳಗೆ ಇಡುವುದು ಎಷ್ಟು ದೊಡ್ಡ ಅಧಿಕಾರ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಜಾಗ ನನಗೆ ಗೊತ್ತಿಲ್ಲ.

ಕಾವ್ಯವೇ ಅಲ್ಲದ ಒಂದು ಪಟ್ಟಿಯನ್ನೂ ಹೇಳಬೇಕು. ಜರ್ಮನಿಯ ಚಿತ್ರಕಾರ ಡ್ಯೂರರ್ 1520ರಿಂದ 21ರವರೆಗೆ ನೆದರ್ಲೆಂಡ್ಸ್ ಕಡೆ ಪ್ರವಾಸ ಮಾಡಿದ. ಅವನ ದಿನಚರಿಯಲ್ಲಿ ಜಾಸ್ತಿ ಇರುವುದು ಲೆಕ್ಕ. ಊಟಕ್ಕೆ ಎಷ್ಟು, ಗಾಡಿಗೆ ಎಷ್ಟು, ಯಾರಿಗೆ ಯಾವ ಚಿತ್ರ ಕೊಟ್ಟೆ, ಜೂಜಿನಲ್ಲಿ ಎಷ್ಟು ಹೋಯಿತು. ಆಂಟ್‌ವರ್ಪ್‌ನಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿಗಳು ಅವನಿಗೆ ತೆಂಗಿನಕಾಯಿ, ಗಿಣಿ, ಕಲ್ಲಿಕೋಟೆಯ ಬಟ್ಟೆ ಕೊಟ್ಟದ್ದೂ ಅದರಲ್ಲಿದೆ. ಕಡಲಾಚೆಯ ಎಷ್ಟೋ ವಸ್ತುಗಳಿಗೆ ಆಗಿನ ಯುರೋಪಿನವರು ಕಲ್ಲಿಕೋಟೆಯ ಹೆಸರು ಹಚ್ಚುತ್ತಿದ್ದರು. 1520ರ ಆಗಸ್ಟ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಅವನು ಮೆಕ್ಸಿಕೋದಿಂದ ಬಂದ ವಸ್ತುಗಳನ್ನು ನೋಡಿದ. ಇಡೀ ಚಿನ್ನದ ಒಂದು ಸೂರ್ಯ, ಇಡೀ ಬೆಳ್ಳಿಯ ಒಂದು ಚಂದ್ರ, ಆಯುಧಗಳು, ವಿಚಿತ್ರ ಬಟ್ಟೆಗಳು. ಅಭ್ಯಾಸದಂತೆ ಬರೆಯುತ್ತಾ ಹೋಗುತ್ತಾನೆ, ಬೆಲೆಯನ್ನೂ ಹಾಕುತ್ತಾನೆ, ಒಂದು ಲಕ್ಷ ಗಿಲ್ಡರ್ ಎಂದು. ಆಮೇಲೆ ಪಟ್ಟಿ ಒಡೆದುಹೋಗುತ್ತದೆ. ಹುಟ್ಟಿದಾಗಿನಿಂದ ನನ್ನ ಮನಸ್ಸಿಗೆ ಇಷ್ಟು ಸಂತೋಷ ಕೊಟ್ಟದ್ದನ್ನು ನೋಡಿಲ್ಲ ಎನ್ನುತ್ತಾನೆ. ದೂರದ ನಾಡಿನ ಜನರ ಸೂಕ್ಷ್ಮ ಬುದ್ಧಿಗೆ ಬೆರಗಾಗುತ್ತಾನೆ. ನೂರಾರು ಒಣ ಲೆಕ್ಕದ ನಡುವೆ ಬಂದದ್ದರಿಂದ ಆ ಬೆರಗನ್ನು ನಾವು ಪೂರ್ತಿ ನಂಬುತ್ತೇವೆ.

ಹಾಗಾದರೆ ಓದುವುದು ಹೇಗೆ? ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಪ್ರತಿ ಹೆಸರಿಗೂ ಅಡಿಟಿಪ್ಪಣಿ ನೋಡಬೇಡಿ, ಮೊದಲ ಸಲ ಜೋರಾಗಿ ಓದಿ. ಯಾರು ಎಣಿಸುತ್ತಿದ್ದಾರೆ ಎಂದು ಕೇಳಿ, ಕವಿಯೋ, ಪಾತ್ರವೋ. ಮೊದಲ ಹೆಸರು ಮತ್ತು ಕೊನೆಯ ಹೆಸರನ್ನು ಪಕ್ಕಪಕ್ಕ ಇಡಿ. ಲಯ ಎಲ್ಲಿ ಮುರಿಯಿತು, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಟಿಪ್ಪಣಿ ಆಮೇಲೆ.

ಮಿಲ್ಟನ್ ಬಗ್ಗೆ ಕೇಳಿದ್ದೀರಿ. 1667ರ ‘ಪ್ಯಾರಡೈಸ್ ಲಾಸ್ಟ್’ನ ಮೊದಲ ಪುಸ್ತಕದಲ್ಲಿ ಸೈತಾನನ ಸೇನಾಪತಿಗಳ, ಅಂದರೆ ಮುಂದೆ ಜನ ದೇವರೆಂದು ಪೂಜಿಸಿದವರ, ದೊಡ್ಡ ಪಟ್ಟಿ ಇದೆ. ಈ ಕ್ರಮವನ್ನು ಅದರ ಮೇಲೆ ಪ್ರಯೋಗಿಸಿ ನೋಡಿ. ಮೊದಲು ಬರುವವನು ಮೊಲೋಕ್, ನರಬಲಿಯ ರಕ್ತ ಹಚ್ಚಿಕೊಂಡ ರಾಜ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಊರು, ನದಿ, ಗುಡಿ ಇದೆ. ದಾಗೋನನಿಗೆ ಅಜೋಟಸ್, ರಿಮ್ಮೋನನಿಗೆ ದಮಾಸ್ಕಸ್. ಕೊನೆಗೆ ಬೆಲಿಯಲ್. ಅವನಿಗೆ ಮಾತ್ರ ಗುಡಿಯೂ ಇಲ್ಲ, ಬಲಿಪೀಠವೂ ಇಲ್ಲ. ಆದರೆ ಪೂಜಾರಿಗೇ ದೇವರಲ್ಲಿ ನಂಬಿಕೆ ಹೋದಾಗ ಎಲ್ಲ ಗುಡಿಗಳಲ್ಲೂ ಇರುವವನು ಅವನೇ ಎನ್ನುತ್ತಾನೆ ಮಿಲ್ಟನ್. ಅರಮನೆಗಳಲ್ಲೂ, ಗದ್ದಲದ ನಗರಗಳಲ್ಲೂ ಅವನದೇ ಆಳ್ವಿಕೆ. ಅಷ್ಟು ಹೊತ್ತು ಹಳೆಯ ಊರುಗಳ ಭೂಪಟ ಓದುತ್ತಿದ್ದ ಲಂಡನ್ನಿನ ಓದುಗನಿಗೆ ಆ ಕೊನೆಯ ಹೆಸರು ತನ್ನ ಬೀದಿಗೇ ಬಂದು ನಿಂತಂತೆ ಆಗಿರಬೇಕು. ಪುಸ್ತಕ ನಿಮ್ಮ ಸಿಲಬಸ್‌ನಲ್ಲಿದ್ದರೆ ಮೊದಲು ಈ ಭಾಗವನ್ನೇ ಓದಿ, ಸುಮಾರು 376ನೇ ಸಾಲಿನಿಂದ.